ಹೆಬ್ಬೆಟ್ಟು

ರೊವೀನಾ,
ಕರಾಚಿಯಿಂದ ನೀನು ಕಳಿಸಿದ ಫೋಟೊ ಬಂತು.
ಹಂಚಿನ ಬೆನ್ನು. ಪಾಚಿ. ನಮ್ಮೂರ ಹೆಸರಿನ
ನಡುಭಾಗ ಮಾತ್ರ ಉಳಿದ ಮುದ್ರೆ.
ಮೂಲೆಯಲ್ಲೊಂದು ಗುಳಿ.
ಇದು ಹೆಬ್ಬೆಟ್ಟಾ, ಎಂದು ಕೇಳಿದ್ದೀ.
ಇಂಗ್ಲಿಷಿನಲ್ಲಿ ನಿನಗೆ ಎರಡು ಸಾಲು ಬರೆದೆ.
ಉಳಿದದ್ದು ಇಲ್ಲಿ, ನಿನಗೆ ಓದಲು ಬಾರದ ಲಿಪಿಯಲ್ಲಿ.

ಪಿಯಾದ್‌ಮಾಯಿ ಜೆಪ್ಪುವಿನ ಕಾರ್ಖಾನೆಯಲ್ಲಿ
ಹಸಿ ಹಂಚು ಹೊತ್ತವಳು.
ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಹಲಗೆ,
ಹಲಗೆಯ ಮೇಲೆ ನೇತ್ರಾವತಿಯ ಜೇಡಿ.
ಶನಿವಾರ ಬಟವಾಡೆ ಪುಸ್ತಕದಲ್ಲೂ
ಅದೇ ಬೆರಳು ಒತ್ತುತ್ತಿದ್ದಳು,
ಮಣ್ಣಿನ ಬದಲು ಮಸಿ, ಅಷ್ಟೆ.

ನಿನ್ನಜ್ಜಿ ಸೆರಾಫಿನಳನ್ನು
ಬಂದರಿನಲ್ಲಿ ಹಡಗು ಹತ್ತಿಸಿದ್ದು ನಲವತ್ತಾರರಲ್ಲಿ.
ಅದೇ ಹಡಗಿನ ಹೊಟ್ಟೆಯಲ್ಲಿ ಹಂಚಿತ್ತಂತೆ.
"ಹೋಗು ಬಾಯ್, ನಾನು ಹೊತ್ತ ಮಾಡಿನ ಅಡಿಯಲ್ಲೇ ಮಲಗುತ್ತೀ,
ಹೆದರಿಕೆ ಯಾಕೆ?"
ಆಗ ಅದು ಬೊಂಬಾಯಿಯಾಚೆ ಒಂದು ಊರು,
ಮಳೆಗಾಲ ಕಳೆದರೆ ತವರಿಗೆ ಬರಬಹುದಾದ ಊರು.
ಮರುವರ್ಷದ ಮಳೆಗಾಲದಲ್ಲಿ
ಊರು ಅಲ್ಲೇ ಇತ್ತು, ದೇಶ ಎದ್ದು ಹೋಗಿತ್ತು.

ಆಮೇಲೆ ಲಕೋಟೆಗಳು.
ಮೊಂತಿ ಫೆಸ್ತಿಗೆ ಇಗರ್ಜಿಯಿಂದ ತಂದ ತೆನೆಯಲ್ಲಿ
ಏಳು ಭತ್ತ (ಏಳೇ, ಸರಿಸಂಖ್ಯೆ ಕೂಡದು)
ಕಾಗದದಲ್ಲಿ ಮಡಚಿ,
ಶಾಲೆ ಕಂಡಿದ್ದ ನನ್ನಜ್ಜಿ ಜೆಮ್ಮಾ ವಿಳಾಸ ಬರೆದು,
ಅಕ್ಕನ ಮನೆಯ ಹಾಲಿಗೆ ಪುಡಿ ಮಾಡಿ ಹಾಕಲೆಂದು.
ಹದಿನೇಳು ವರ್ಷ ಮುಟ್ಟಿತು.
ಅರವತ್ತೈದರ ಫೆಸ್ತಿನ ದಿನ
ರೇಡಿಯೊದಲ್ಲಿ ಲಾಹೋರ್, ಟ್ಯಾಂಕುಗಳು.
ಪಿಯಾದ್‌ಮಾಯಿ ಹರಿವೆ ಹೆಚ್ಚುತ್ತಿದ್ದಳು.
ಮಾರನೆಯ ದಿನ ಅಂಚೆಯವರು
ಲಕೋಟೆಯನ್ನು ಕಿಟಕಿಯಿಂದ ಈಚೆಗೆ ತಳ್ಳಿದರು:
"ಹೋಗುವುದಿಲ್ಲ ಬಾಯಮ್ಮ, ಯುದ್ಧ."
"ಏಳು ಭತ್ತ ಸ್ವಾಮಿ, ಬೇಕಾದರೆ ಎಣಿಸಿ ನೋಡಿ."

ಆ ಲಕೋಟೆ ಈಗಲೂ ಉಂಟು, ಬಿಸ್ಕತ್ತು ಡಬ್ಬಿಯಲ್ಲಿ.
ಒಳಗೆ ಹುಳ ತಿಂದು ಬಿಟ್ಟ ಹೊಟ್ಟು.
ಅವಳು ತೀರಿಕೊಂಡದ್ದು ಎಪ್ಪತ್ತೊಂದರ ಡಿಸೆಂಬರಿನಲ್ಲಿ,
ಇನ್ನೊಂದು ಯುದ್ಧದ ನಡುವೆ. ತಂತಿಗೆ ದಾರಿಯಿಲ್ಲ.
ಎರಡೂವರೆ ವರ್ಷ ಸೆರಾಫಿನ್
ಸತ್ತ ತಾಯಿಗೆ ಆಯುಷ್ಯ ಬೇಡಿ ಮೇಣದಬತ್ತಿ ಹಚ್ಚಿದಳೆಂದು
ಮೊನ್ನೆ ನೀನೇ ಹೇಳಿದ್ದು.

ನನ್ನದೂ ಹೇಳಲೆ?
ತೊಂಬತ್ತರ ಆಗಸ್ಟು, ನನಗೆ ಎಂಟು ವರ್ಷ.
ಅಮ್ಮ ಹಿಲ್ಡಾ ಕುವೈತಿನಲ್ಲಿ ನರ್ಸು.
ಬೀದಿಗೆಲ್ಲ ಫೋನಿದ್ದದ್ದು ಬಂಗೇರರ ಮನೆಯಲ್ಲಿ.
ನಲವತ್ತು ದಿನ ಅವರ ಜಗಲಿಯಲ್ಲೇ ಹೋಮ್‌ವರ್ಕ್ ಮಾಡಿದೆ.
ಗಂಟೆ ಬಾರಿಸಿದ್ದೆಲ್ಲ
ಅವರ ಮಗನ ಹಳೆ ಸ್ಕೂಟರ್ ವ್ಯಾಪಾರದ್ದು.
ಆ ಫೆಸ್ತಿಗೆ ಜೆಮ್ಮಾ ಎರಡು ಎಲೆ ಹೆಚ್ಚು ಹಾಕಿದಳು,
ಅಕ್ಕನದೊಂದು, ಮಗಳದೊಂದು.
ಲೆಕ್ಕ ಸರಿಸಂಖ್ಯೆಯಾಯಿತೆಂದು
ಎದ್ದು ಹೋಗಿ ಇನ್ನೊಂದು ತಂದಳು.
ಇದು ಯಾರಿಗೆ, ಎಂದೆ.
"ಯಾರಾದರೂ ಇರ್ತಾರೆ."

ಅಮ್ಮ ಅಮ್ಮಾನಿನಲ್ಲಿದ್ದಾಳೆ ಅಂದರು.
ಅಮ್ಮಂದಿರನ್ನು ಇಟ್ಟುಕೊಳ್ಳುವ ಊರು ಅಂದುಕೊಂಡೆ.
ಅಕ್ಟೋಬರಿನಲ್ಲಿ ಬಂದಳು,
ಒಂದು ಪ್ಲಾಸ್ಟಿಕ್ ಚೀಲ, ಕಾಲಲ್ಲಿ ಯಾರೋ ಗಂಡಸಿನ ಚಪ್ಪಲಿ.
ನಾನು ಬಾಗಿಲ ಹಿಂದೆ ನಿಂತೆ.
ಗುರುತು ಸಿಗಲಿಲ್ಲ ಎಂದಲ್ಲ,
ಸಿಕ್ಕಿತು ಎನ್ನಲು ಹೆದರಿಕೆ.

ಆ ಗುಳಿಯ ವಿಷಯ:
ಕಾರ್ಖಾನೆಯಲ್ಲಿ ಮುನ್ನೂರು ಹೆಂಗಸರಿದ್ದರು, ರೊವೀನಾ.
ಯಾರದ್ದೂ ಇರಬಹುದು. ಬೆಕ್ಕಿನ ಕಾಲೂ ಇರಬಹುದು.
ಅಲ್ಲೀಗ ಹನ್ನೆರಡು ಮಾಳಿಗೆಯ ಫ್ಲಾಟು.
ನಿಮ್ಮ ಮಾಡನ್ನೂ ಬರುವ ತಿಂಗಳು ಬಿಚ್ಚುತ್ತಾರಂತಲ್ಲ,
ಆ ಹಂಚೊಂದನ್ನು ಇಳಿಸಿ
ನಿನ್ನ ಮಗಳ ಬೆರಳು ಅದರಲ್ಲಿಟ್ಟು ನೋಡು.
ಕೂತರೆ ಹೇಳು.
ಕೂರದಿದ್ದರೂ ಹೇಳು, ಸುಳ್ಳು ಬೇಡ.

ಈ ಸಲವೂ ಏಳು ತೆಗೆದಿಟ್ಟಿದ್ದೇನೆ.
ಅಂಚೆ ಮತ್ತೆ ನಿಂತಿದೆ.
ಅಂಗೈಯಲ್ಲಿ ಹರಡಿ ಫೋಟೊ ತೆಗೆದು ಕಳಿಸಿದ್ದೇನೆ,
ಎಣಿಸಿಕೋ.